ಸಂಗೀತಕ್ಕೆ ದಶಮಾಂಶ ಬಂದ ಬಗೆ

2021ರಲ್ಲಿ ಅಮೆರಿಕದ ‘ಪಿಚ್‌ಫೋರ್ಕ್’ ಜಾಲಪತ್ರಿಕೆ ತನ್ನ ಇಪ್ಪತ್ತೈದನೇ ವರ್ಷದ ಸಂದರ್ಭದಲ್ಲಿ 19 ಹಳೆಯ ಆಲ್ಬಮ್‌ಗಳಿಗೆ ಹೊಸದಾಗಿ ಅಂಕ ಕೊಟ್ಟಿತು. ಡಾಫ್ಟ್ ಪಂಕ್ ಜೋಡಿಯ ‘ಡಿಸ್ಕವರಿ’ 6.4ರಿಂದ ಪೂರ್ಣ 10ಕ್ಕೆ ಏರಿತು. 2003ರಲ್ಲಿ ಸೊನ್ನೆ ಪಡೆದಿದ್ದ ಲಿಜ್ ಫೇರ್ ಅವರ ಆಲ್ಬಮ್ 6ಕ್ಕೆ ಬಂತು. ಆದರೆ ಈ ಆಲ್ಬಮ್‌ಗಳ ಬಗ್ಗೆ ಪತ್ರಿಕೆ ಹೊಸ ವಿಮರ್ಶೆ ಬರೆಸಲಿಲ್ಲ. ಅಂಕದ ಜೊತೆಗೆ ಪುಟ್ಟ ಟಿಪ್ಪಣಿಗಳಷ್ಟೇ ಬಂದವು. ಹಿಂದಿನ ತೀರ್ಪು ತಪ್ಪೆನಿಸಿದರೆ ಮೊದಲು ಮರುಪರಿಶೀಲನೆಗೆ ಬರಬೇಕಾದದ್ದು ಅದರ ಹಿಂದಿನ ವಾದ. ಇಲ್ಲಿ ಬದಲಾದದ್ದು ಅಂಕಿ. ಸ್ವತಂತ್ರ ಸಂಗೀತ ಪತ್ರಿಕೆಗಳಲ್ಲಿ ಅಂಕ ಈಗ ಬರಹದ ಸಾರಾಂಶವಾಗಿ ಉಳಿದಿಲ್ಲ, ಬರಹವೇ ಅಂಕದ ಅಡಿಟಿಪ್ಪಣಿಯಾಗಿದೆ. ಇದಕ್ಕೆ ವಿಮರ್ಶಕರನ್ನು ದೂರುವುದಕ್ಕಿಂತ ಪುಟದ ವಿನ್ಯಾಸ ಬೆಳೆದು ಬಂದ ದಾರಿಯನ್ನು ನೋಡುವುದು ಹೆಚ್ಚು ಫಲಕಾರಿ.

ಆ ವಿನ್ಯಾಸಕ್ಕೆ ಎರಡು ಮೂಲಗಳಿವೆ. ಒಂದು, ಅಭಿಮಾನಿಗಳೇ ತಯಾರಿಸುತ್ತಿದ್ದ ಬಡ ಪತ್ರಿಕೆಗಳದ್ದು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಪತ್ರಿಕೆಯನ್ನು ಟೈಪ್‌ರೈಟರಿನಲ್ಲಿ ಬಡಿದು, ತಲೆಬರಹಗಳನ್ನು ಸ್ಕೆಚ್ ಪೆನ್ನಿನಲ್ಲಿ ಗೀಚಿ, ಜೆರಾಕ್ಸ್ ಮಾಡಿ ಹಂಚಿದರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ ನ್ಯೂಸ್‌ಪ್ರಿಂಟಿನ ಮೇಲೆ ಸಣ್ಣಕ್ಷರದ ಕಾಲಂಗಳನ್ನು ಒತ್ತೊತ್ತಾಗಿ ತುಂಬಿತು. ಅಲ್ಲಿ ಅಂಕಗಳಿರಲಿಲ್ಲ, ಪ್ರತಿ ವಿಮರ್ಶೆಯ ಕೊನೆಗೆ ಲೇಬಲ್ಲಿನ, ಎಂದರೆ ಧ್ವನಿಮುದ್ರಿಕೆ ಹೊರತಂದ ಸಂಸ್ಥೆಯ, ಹೆಸರಿರುತ್ತಿತ್ತು. ದೊಡ್ಡ ಅಂಗಡಿಗಳಿಗೆ ಬಾರದ ಧ್ವನಿಮುದ್ರಿಕೆಯನ್ನು ಓದುಗ ಹುಡುಕಿ ತರಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಆ ಹೆಸರೇ ದಾರಿ. ಎರಡನೆಯ ಮೂಲ ಇದಕ್ಕೆ ತದ್ವಿರುದ್ಧ. 1969ರಿಂದ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಬರೆದ ‘ಕನ್ಸ್ಯೂಮರ್ ಗೈಡ್’ ಅಂಕಣ ಆಲ್ಬಮ್‌ಗಳಿಗೆ ಶಾಲೆಯ ಪ್ರಗತಿಪತ್ರದಂತೆ ಎ, ಬಿ, ಸಿ ದರ್ಜೆ ಹಚ್ಚಿತು. ಒಂದು ಸಂಗತಿ ಇಲ್ಲಿ ಗಮನಿಸಬೇಕು. ಅವರ ಪುಸ್ತಕಗಳಲ್ಲಿ ದರ್ಜೆ ಕೂರುವುದು ಪ್ಯಾರಾದ ಕೊನೆಯಲ್ಲಿ. ಕಣ್ಣು ಅದಕ್ಕೂ ಮೊದಲೇ ಅತ್ತ ಜಾರಬಹುದು, ನಿಜ. ಆದರೂ ಪುಟ ಓದುಗನಿಗೆ ಹೇಳುತ್ತಿದ್ದದ್ದು ‘ಮೊದಲು ಮಾತು ಕೇಳು’ ಎಂದೇ.

ಮಿನಿಯಾಪೊಲಿಸ್ ಕಡೆಯ ಹತ್ತೊಂಬತ್ತರ ತರುಣ ರಯಾನ್ ಶ್ರೈಬರ್ 1990ರ ದಶಕದ ನಡುವೆ ಪಿಚ್‌ಫೋರ್ಕ್ ಶುರುಮಾಡಿದಾಗ ಈ ಎರಡೂ ಒಂದೇ ಪುಟಕ್ಕೆ ಬಂದವು. ಛಾಯಾಗ್ರಾಹಕರಿಗೆ ಕೊಡಲು ದುಡ್ಡಿಲ್ಲದ, ಓದುಗರ ಮೋಡೆಮ್ ತೆವಳುತ್ತಿದ್ದ ಕಾಲದಲ್ಲಿ ಆಲ್ಬಮ್ಮಿನ ಚೌಕಾಕಾರದ ಮುಖಪುಟವೇ ಸುಲಭಕ್ಕೆ ಸಿಗುವ ಚಿತ್ರ. ಅದರ ಜೊತೆಗೆ ಕಲಾವಿದರ ಹೆಸರು, ಆಲ್ಬಮ್ಮಿನ ಹೆಸರು, ಲೇಬಲ್, ಆಮೇಲೆ ಅಂಕ. ಇಷ್ಟೂ ಮುಗಿದ ಮೇಲೆ ಬರಹ. ಅಂಕ ತಲೆಗೇರಿತು. ಜೊತೆಗೆ 0.0ರಿಂದ 10.0ರವರೆಗೆ 101 ಮೆಟ್ಟಿಲುಗಳ ದಶಮಾಂಶ. 7.8ಕ್ಕೂ 7.9ಕ್ಕೂ ಕೇಳ್ಮೆಯಲ್ಲಿ ಏನು ವ್ಯತ್ಯಾಸವೆಂದು ಯಾವ ಕಿವಿಯೂ ಹೇಳಲಾರದು, ಆದರೆ ಆ ಚುಕ್ಕಿ ಅಳತೆಯ ಉಪಕರಣದ ಗತ್ತು ತಂದುಕೊಟ್ಟಿತು. 2004ರಲ್ಲಿ ‘ಆರ್ಕೇಡ್ ಫೈರ್’ ತಂಡದ ‘ಫ್ಯೂನರಲ್’ 9.7 ಪಡೆದಾಗ, ಮರ್ಜ್ ಎಂಬ ಸಣ್ಣ ಲೇಬಲ್ ಬೇಡಿಕೆಗೆ ತಕ್ಕಷ್ಟು ಪ್ರತಿಗಳನ್ನು ಒದಗಿಸಲಾರದೆ ಹೆಣಗಿತು. ಅದೇ ವರ್ಷ ಟ್ರಾವಿಸ್ ಮಾರಿಸನ್ ಅವರ ‘ಟ್ರಾವಿಸ್ಟಾನ್’ಗೆ 0.0 ಬಿತ್ತು, ಒಂಟಿಯಾಗಿ ಹೊರಟಿದ್ದ ಆ ಗಾಯಕನಿಗೆ ದೊಡ್ಡ ಹೊಡೆತವಾಯಿತು. ಈ ಎರಡು ವಿಮರ್ಶೆಗಳ ವಾಕ್ಯಗಳು ಇಂದು ಎಷ್ಟು ಜನಕ್ಕೆ ನೆನಪಿವೆಯೋ! ಅಂಕಿಗಳನ್ನಂತೂ ಯಾರೂ ಮರೆತಿಲ್ಲ.

ಫ್ಯೂನರಲ್ ಉದಾಹರಣೆಯನ್ನೇ ಮುಂದಿಟ್ಟು ಕೆಲವರು ಕೇಳುತ್ತಾರೆ: ಜಾಹೀರಾತಿಗೆ ಹಣವಿಲ್ಲದ ತಂಡವನ್ನು ಲೋಕದ ಮುಂದೆ ನಿಲ್ಲಿಸಿದ್ದು ಅಂಕವೇ ಅಲ್ಲವೇ? ಹೌದು, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾದೀತು. ಆದರೆ ತಳ್ಳುವ ಬಲ ಇರುವ ಕೈಗೆ ಕೆಡಹುವ ಬಲವೂ ಇರುತ್ತದೆ. ಅಂಕದ ವ್ಯವಸ್ಥೆಯಲ್ಲಿ ಕೆಡಹಿದ್ದೇಕೆ ಎಂಬ ವಿವರಣೆ ಯಾರಿಗೂ ತಲುಪದೆ ಹೋಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪತ್ರಿಕೆ ಅಂಕ ಬಿಟ್ಟರೂ 2001ರಿಂದ ನಡೆದಿರುವ ‘ಮೆಟಾಕ್ರಿಟಿಕ್’ನಂಥವು ಬಿಡುವುದಿಲ್ಲ, ಅಂಕವಿಲ್ಲದ ವಿಮರ್ಶೆಗಳಿಗೂ ಅವು ತಾವೇ ನೂರಕ್ಕಿಷ್ಟು ಎಂದು ಹಾಕಿಕೊಳ್ಳುತ್ತವೆ. ಹಾಗಿದ್ದರೆ ಬಿಟ್ಟು ಪ್ರಯೋಜನವೇನು? ಪ್ರಯೋಜನವಿದೆ. ಬೇರೆಯವರು ಹಾಕಿದ ಅಂಕ ಬೇರೆಯವರ ಪುಟದಲ್ಲಿರುತ್ತದೆ, ತನ್ನ ಪುಟದಲ್ಲಿ ವಿಮರ್ಶಕನ ಮೊದಲ ವಾಕ್ಯವೇ ಮೊದಲ ಮಾತಾಗುತ್ತದೆ. 2008ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ದಿ ಕ್ವೈಟಸ್’ ಅಂಕವಿಲ್ಲದೆಯೇ ಬಾಳಿದೆ. ಸುಲಭಕ್ಕೆ ಕಿವಿಗೆ ಒಗ್ಗದ ಸಂಗೀತದ ಬಗ್ಗೆ ಅದು ಉದ್ದುದ್ದ ಬರೆಯುತ್ತದೆ, ಓದುಗರೂ ಓದುತ್ತಾರೆ. ಅತ್ತ ಅಂಕದಿಂದಲೇ ಹೆಸರಾದ ಪಿಚ್‌ಫೋರ್ಕ್ 2015ರಲ್ಲಿ ಕಾಂಡೆ ನಾಸ್ಟ್ ಕಂಪನಿಯ ಪಾಲಾಗಿ, 2024ರ ಜನವರಿಯಲ್ಲಿ ‘ಜಿಕ್ಯೂ’ ಎಂಬ ಪುರುಷರ ಮ್ಯಾಗಜಿನ್ನಿನ ಅಡಿಗೆ ಬಂತು, ಹಲವರು ಕೆಲಸ ಕಳೆದುಕೊಂಡರು. ಇದಕ್ಕೆ ಅಂಕವೇ ಕಾರಣವೆನ್ನುವುದು ಅತಿಯಾದೀತು. ಅಂಕದ ಪ್ರಭಾವ ಪತ್ರಿಕೆಯನ್ನು ಕಾಯಲಿಲ್ಲ ಎನ್ನುವುದಂತೂ ಸತ್ಯ.

ಹಾಗೆಂದು ಪುಟವನ್ನೇ ಕಿತ್ತು ಹೊಸದಾಗಿ ಕಟ್ಟಬೇಕಿಲ್ಲ. ಬಡ ಪತ್ರಿಕೆಗಳಿಂದ ಬಂದ ಲೇಬಲ್ಲಿನ ಸಾಲು ಇಂದಿಗೂ ಮುಖಪುಟದಡಿ ಉಳಿದಿದೆ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ. ಯಾವ ಹಾಡಾದರೂ ಬೆರಳ ತುದಿಗೆ ಸಿಗುವ ಈ ಕಾಲದಲ್ಲಿ ಕೊಳ್ಳಲೋ ಬಿಡಲೋ ಎಂದು ತಿಳಿಯಲು ಅಂಕ ಬೇಕಿಲ್ಲ, ಕೇಳಿಯೇ ತಿಳಿಯಬಹುದು. ಹಾಡನ್ನು ಯಾರು ಹೊರತಂದರು, ಕೇಳುಗನ ದುಡ್ಡು ಯಾರ ಕೈಸೇರುತ್ತದೆ ಎನ್ನುವುದು ಮಾತ್ರ ಕೇಳಿದರೆ ತಿಳಿಯುವುದಿಲ್ಲ. ಅಂಕಕ್ಕೆ ಕೊಟ್ಟ ದಪ್ಪಕ್ಷರವನ್ನು ಆ ಸಾಲಿಗೆ ಕೊಡಲಿ; ಅಂಕ ಬೇಕೇಬೇಕೆನ್ನುವವರು ಅದನ್ನು ಕ್ರಿಸ್ಟ್‌ಗೌ ಇಟ್ಟ ಜಾಗದಲ್ಲಿ, ಬರಹ ಮುಗಿದ ಮೇಲೆ ಇಟ್ಟುಕೊಳ್ಳಲಿ.