ಟಿ-ಕೋಶದ ಜಾಗೃತಿ ಮತ್ತು ಪ್ರತಿಲೇಖನದ ನಿಯಂತ್ರಣ: ಭಾರತದ ಎಚ್‌ಐವಿ ತಳಿಗಳ ನಿದರ್ಶನ

ರಕ್ತದಲ್ಲಿ ಸಂಚರಿಸುವ ಟಿ-ಕೋಶಗಳಲ್ಲಿ ಬಹುಪಾಲು ವಿಶ್ರಾಂತ ಸ್ಥಿತಿಯಲ್ಲಿರುತ್ತವೆ. ತನಗೆ ಹೊಂದುವ ಪ್ರತಿಜನಕವು ಎದುರಾದಾಗ ಅಂತಹ ಕೋಶವು ಕೆಲವೇ ಗಂಟೆಗಳಲ್ಲಿ ತನ್ನ ಸ್ವರೂಪವನ್ನು ಬದಲಿಸಿಕೊಳ್ಳತೊಡಗುತ್ತದೆ. ಗಾತ್ರದಲ್ಲಿ ಹಿಗ್ಗುತ್ತದೆ, ಇಂಟರ್‌ಲ್ಯೂಕಿನ್-2 ಮೊದಲಾದ ಸಂಕೇತ ಪ್ರೋಟೀನುಗಳನ್ನು ಸ್ರವಿಸುತ್ತದೆ, ಬಳಿಕ ವಿಭಜನೆಗೆ ತೊಡಗುತ್ತದೆ. ಈ ಬದಲಾವಣೆಯ ಮೂಲವಿರುವುದು ಯಾವ ವಂಶವಾಹಿಗಳನ್ನು ಓದಬೇಕೆಂಬ ಆಯ್ಕೆಯಲ್ಲಿ. ವಂಶವಾಹಿಯ ಮಾಹಿತಿಯನ್ನು ಆರ್‌ಎನ್‌ಎ ರೂಪಕ್ಕೆ ನಕಲು ಮಾಡುವ ಕ್ರಿಯೆಯನ್ನು ಪ್ರತಿಲೇಖನವೆಂದೂ, ಡಿಎನ್‌ಎಗೆ ಅಂಟಿಕೊಂಡು ಅದನ್ನು ನಿಯಂತ್ರಿಸುವ ಪ್ರೋಟೀನುಗಳನ್ನು ಪ್ರತಿಲೇಖನ ಕಾರಕಗಳೆಂದೂ ಕರೆಯುತ್ತಾರೆ. ಕೋಶದ ಜಾಗೃತಿಯು ಈ ಕಾರಕಗಳನ್ನು ಹೇಗೆ ಕ್ರಿಯಾಶೀಲಗೊಳಿಸುತ್ತದೆ, ಆ ವ್ಯವಸ್ಥೆಯನ್ನು ಒಂದು ವೈರಸ್ಸು ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ನಡೆದ ಸಂಶೋಧನೆಯೊಂದರ ಹಿನ್ನೆಲೆಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಬಂಧನದಲ್ಲಿರುವ ಕಾರಕ

1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು ಬಿ-ಕೋಶಗಳಲ್ಲಿ ಒಂದು ಪ್ರೋಟೀನನ್ನು ಗುರುತಿಸಿದರು. ಪ್ರತಿಕಾಯದ ಕಪ್ಪಾ ಸರಪಣಿಯ ವಂಶವಾಹಿಯಲ್ಲಿನ ಹತ್ತು ಅಕ್ಷರಗಳಷ್ಟು ಚಿಕ್ಕ ಭಾಗಕ್ಕೆ ಅದು ಅಂಟಿಕೊಳ್ಳುತ್ತಿತ್ತು. ಅದಕ್ಕೆ ಎನ್‌ಎಫ್-ಕಪ್ಪಾಬಿ ಎಂದು ಹೆಸರಾಯಿತು. ಅದೇ ವರ್ಷ ಅವರು ಇನ್ನೂ ಮಹತ್ವದ ಸಂಗತಿಯೊಂದನ್ನು ತೋರಿಸಿದರು. ಹೊಸ ಪ್ರೋಟೀನಿನ ತಯಾರಿಕೆಯನ್ನು ತಡೆದಿದ್ದರೂ ಪ್ರಚೋದನೆ ದೊರೆತ ಕೂಡಲೇ ಈ ಕಾರಕವು ಕ್ರಿಯಾಶೀಲವಾಗುತ್ತಿತ್ತು. ಎಂದರೆ, ಅದು ಕೋಶದಲ್ಲಿ ಮೊದಲೇ ಸಿದ್ಧವಾಗಿದ್ದು ಬಿಡುಗಡೆಗಾಗಿ ಕಾದಿರುತ್ತದೆ. ಅದನ್ನು ಕೋಶದ್ರವ್ಯದಲ್ಲಿ ಹಿಡಿದಿಡುವ ಐಕಪ್ಪಾಬಿ ಎಂಬ ಪ್ರತಿಬಂಧಕ ಪ್ರೋಟೀನು 1988ರಲ್ಲಿ ಪತ್ತೆಯಾಯಿತು.

ಟಿ-ಕೋಶದ ಗ್ರಾಹಿಯು ಪ್ರತಿಜನಕವನ್ನು ಗುರುತಿಸಿದಾಗ ಹೊರಡುವ ಸಂಕೇತವು ಮುಖ್ಯವಾಗಿ ಮೂರು ಕವಲುಗಳಲ್ಲಿ ಹರಿಯುತ್ತದೆ. ಮೊದಲನೆಯದರಲ್ಲಿ ಕೋಶದೊಳಗಿನ ಕ್ಯಾಲ್ಸಿಯಂ ಪ್ರಮಾಣ ಏರುತ್ತದೆ; ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವು ಎನ್‌ಎಫ್‌ಎಟಿ ಕಾರಕದಿಂದ ಫಾಸ್ಫೇಟ್ ಗುಂಪುಗಳನ್ನು ಕಳಚುತ್ತದೆ, ಕಾರಕವು ಕೋಶಕೇಂದ್ರವನ್ನು ಸೇರುತ್ತದೆ. ಎರಡನೆಯದರಲ್ಲಿ ಕೈನೇಸ್ ಕಿಣ್ವಗಳ ಸರಣಿಯು ಫಾಸ್ ಮತ್ತು ಜೂನ್ ಪ್ರೋಟೀನುಗಳಿಂದಾದ ಎಪಿ-1 ಕಾರಕವನ್ನು ಕ್ರಿಯಾಶೀಲಗೊಳಿಸುತ್ತದೆ. ಮೂರನೆಯದರಲ್ಲಿ ಐಕಪ್ಪಾಬಿಗೆ ಫಾಸ್ಫೇಟ್ ಸೇರುತ್ತದೆ. ಹಾಗೆ ಗುರುತಾದ ಪ್ರತಿಬಂಧಕವನ್ನು ಕೋಶದ ಪ್ರೋಟಿಯಸೋಮ್ ನಾಶಪಡಿಸುತ್ತದೆ. ಬಂಧನ ಕಳಚಿದ ಎನ್‌ಎಫ್-ಕಪ್ಪಾಬಿಯು ಕೋಶಕೇಂದ್ರದೊಳಗೆ ಸರಿಯುತ್ತದೆ. ಇಂಟರ್‌ಲ್ಯೂಕಿನ್-2ರ ವಂಶವಾಹಿಯು ಪೂರ್ಣವಾಗಿ ಸಕ್ರಿಯವಾಗಲು ಈ ಮೂರೂ ಕಾರಕಗಳು ಬೇಕು. ಎಪಿ-1ರ ನೆರವಿಲ್ಲದೆ ಎನ್‌ಎಫ್‌ಎಟಿ ಮಾತ್ರ ಒಳಹೊಕ್ಕರೆ ಕೋಶವು ನಿಷ್ಪ್ರತಿಕ್ರಿಯ ಸ್ಥಿತಿಗೆ ಜಾರುತ್ತದೆ. ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಔಷಧವು ತಡೆಯುವುದು ಕ್ಯಾಲ್ಸಿನ್ಯೂರಿನನ್ನು.

ಈ ಜಾಗೃತಿ ತಾತ್ಕಾಲಿಕ. ಎನ್‌ಎಫ್-ಕಪ್ಪಾಬಿಯು ಪ್ರಚೋದಿಸುವ ವಂಶವಾಹಿಗಳಲ್ಲಿ ಐಕಪ್ಪಾಬಿಯ ವಂಶವಾಹಿಯೂ ಒಂದು. ಹೊಸದಾಗಿ ತಯಾರಾದ ಪ್ರತಿಬಂಧಕವು ಕಾರಕವನ್ನು ಮತ್ತೆ ಕೋಶದ್ರವ್ಯಕ್ಕೆ ಎಳೆದು ತರುತ್ತದೆ.

ವೈರಸ್ಸಿನ ಎರವಲು

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದೂ 1986ರಲ್ಲಿ, ಚೆನ್ನೈಯಲ್ಲಿ. ಈ ವೈರಸ್ಸು ತನ್ನ ವಂಶಮಾಹಿತಿಯನ್ನು ಟಿ-ಕೋಶದ ಡಿಎನ್‌ಎಯೊಳಗೆ ಸೇರಿಸಿಬಿಡುತ್ತದೆ. ಆನಂತರ ಅದರ ಪ್ರತಿಲೇಖನವು ಕೋಶದ ಕಾರಕಗಳನ್ನೇ ಅವಲಂಬಿಸುತ್ತದೆ. ವೈರಸ್ಸಿನ ಪ್ರವರ್ತಕ ಭಾಗದಲ್ಲಿ ಕಪ್ಪಾಬಿ ತಾಣಗಳಿವೆಯೆಂದೂ ಟಿ-ಕೋಶದ ಪ್ರಚೋದನೆಯಿಂದ ವೈರಸ್ಸು ಸಕ್ರಿಯವಾಗುತ್ತದೆಂದೂ 1987ರಲ್ಲಿ ಗ್ಯಾರಿ ನೇಬಲ್ ಮತ್ತು ಬಾಲ್ಟಿಮೋರ್ ತೋರಿಸಿದರು. ಹೀಗಾಗಿ ದೇಹವು ರೋಗಾಣುವಿನ ವಿರುದ್ಧ ಹೊರಡಿಸುವ ಕರೆಯೇ ವೈರಸ್ಸಿನ ವೃದ್ಧಿಗೂ ಕರೆಯಾಗುತ್ತದೆ.

ಈ ತಾಣಗಳ ಸಂಖ್ಯೆ ಎಲ್ಲ ತಳಿಗಳಲ್ಲೂ ಒಂದೇ ಅಲ್ಲ. ಅಮೆರಿಕ ಮತ್ತು ಪಶ್ಚಿಮ ಯೂರೋಪಿನಲ್ಲಿ ಪ್ರಧಾನವಾದ ಬಿ-ಉಪಪ್ರಭೇದದಲ್ಲಿ ಸಾಮಾನ್ಯವಾಗಿ ಎರಡು ತಾಣಗಳಿದ್ದರೆ, ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಕವಾಗಿರುವ ಸಿ-ಉಪಪ್ರಭೇದದಲ್ಲಿ ಮೂರಿವೆ. ಜಗತ್ತಿನ ಎಚ್‌ಐವಿ ಸೋಂಕುಗಳಲ್ಲಿ ಸರಿಸುಮಾರು ಅರ್ಧದಷ್ಟು ಸಿ-ಉಪಪ್ರಭೇದದವು.

ನಾಲ್ಕನೆಯ ತಾಣ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡವು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ನಾಲ್ಕು ಕಪ್ಪಾಬಿ ತಾಣಗಳುಳ್ಳ ಸಿ-ಉಪಪ್ರಭೇದದ ತಳಿಗಳು ಭಾರತದಲ್ಲಿ ಒಂದು ದಶಕದ ಅವಧಿಯಲ್ಲಿ ಹರಡುತ್ತ ಬಂದಿವೆಯೆಂದು ಅದು ವರದಿ ಮಾಡಿತು. ಹೆಚ್ಚುವರಿ ತಾಣವು ಅಕ್ಷರಕ್ರಮದಲ್ಲಿ ಉಳಿದವುಗಳಿಂದ ಭಿನ್ನವಾಗಿದ್ದರೂ ಎನ್‌ಎಫ್-ಕಪ್ಪಾಬಿಯ ಪಿ50-ಪಿ65 ಜೋಡಿಯನ್ನು ಬಂಧಿಸುತ್ತದೆ. ಪ್ರತಿಲೇಖನದ ಆರಂಭ ಹಾಗೂ ಮುಂದುವರಿಕೆ ಎರಡನ್ನೂ ಬಲಪಡಿಸುತ್ತದೆ. ಉಳಿದೆಲ್ಲ ಅಂಶಗಳಲ್ಲಿ ಸಮಾನವಾದ ಮೂರು-ತಾಣದ ಮತ್ತು ನಾಲ್ಕು-ತಾಣದ ವೈರಸ್ಸುಗಳನ್ನು ಒಟ್ಟಿಗೆ ಬೆಳೆಸಿದಾಗ ಎರಡನೆಯದೇ ಮೇಲುಗೈ ಪಡೆಯಿತು.

ಈ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಬೇಕು. ನಾಲ್ಕು-ತಾಣದ ಸೋಂಕುಳ್ಳವರಲ್ಲಿ ರಕ್ತದ ವೈರಸ್ ಪ್ರಮಾಣ ಹೆಚ್ಚಿತ್ತಾದರೂ ಸಿಡಿ4 ಕೋಶಗಳ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. ಆದುದರಿಂದ ಇವು ಹೆಚ್ಚು ಮಾರಕವೆಂದು ಹೇಳಲು ಈ ಅಧ್ಯಯನ ಆಧಾರ ಕೊಡುವುದಿಲ್ಲ. ಹೆಚ್ಚು ಸುಲಭವಾಗಿ ಹರಡಬಲ್ಲವು ಎಂಬ ಸಾಧ್ಯತೆಯನ್ನಷ್ಟೇ ಸೂಚಿಸುತ್ತದೆ.

ಚಿಕಿತ್ಸೆಯ ದೃಷ್ಟಿಯಿಂದ

ಭಾರತ ಸರ್ಕಾರವು 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಎಆರ್‌ಟಿ ಕೇಂದ್ರವೂ ಸೇರಿದಂತೆ ಇಂತಹ ಕೇಂದ್ರಗಳಲ್ಲಿ ಕೊಡುವ ಔಷಧಗಳು ವೈರಸ್ಸಿನ ಜೀವನಚಕ್ರದ ಹಲವು ಹಂತಗಳನ್ನು ತಡೆಯುತ್ತವೆ. ಆದರೆ ಈಗಾಗಲೇ ಕೋಶದ ಡಿಎನ್‌ಎಯಲ್ಲಿ ಸೇರಿರುವ ವೈರಸ್ಸಿನ ಪ್ರತಿಲೇಖನವನ್ನು ಅವು ತಡೆಯಲಾರವು. ವಿಶ್ರಾಂತ ಸ್ಮೃತಿಕೋಶಗಳಲ್ಲಿ ವೈರಸ್ಸು ಸುಪ್ತವಾಗಿ ಉಳಿಯುತ್ತದೆ. ಔಷಧ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮರಳುತ್ತದೆ. ಚಿಕಿತ್ಸೆಯನ್ನು ಜೀವನಪರ್ಯಂತ ಮುಂದುವರಿಸಬೇಕಾದ ಕಾರಣ ಇದೇ.

ಈ ಸುಪ್ತ ವೈರಸ್ಸನ್ನು ಎಚ್ಚರಿಸಿ ನಿರ್ಮೂಲ ಮಾಡುವುದು, ಇಲ್ಲವೆ ಶಾಶ್ವತವಾಗಿ ಮೌನಗೊಳಿಸುವುದು ಇಂದಿನ ಸಂಶೋಧನೆಯ ಎರಡು ದಾರಿಗಳು. ಎರಡರಲ್ಲೂ ಕಪ್ಪಾಬಿ ತಾಣಗಳ ಪಾತ್ರವಿದೆ. ಪಿ50-ಪಿ65 ಜೋಡಿ ಕುಳಿತಾಗ ಪ್ರತಿಲೇಖನವನ್ನು ಪ್ರಚೋದಿಸುವ ತಾಣವೇ ಎರಡು ಪಿ50ಗಳ ಜೋಡಿ ಕುಳಿತಾಗ ಅದನ್ನು ಅದುಮಿಡಬಲ್ಲದು. ದೇಹದ ಎಲ್ಲ ಟಿ-ಕೋಶಗಳನ್ನು ಒಮ್ಮೆಗೇ ಜಾಗೃತಗೊಳಿಸುವುದು ಅಪಾಯಕಾರಿಯಾದ್ದರಿಂದ ನಿರ್ದಿಷ್ಟ ಕಾರಕಗಳ ಮೇಲಷ್ಟೇ ಕೆಲಸ ಮಾಡುವ ಔಷಧಗಳ ಅನ್ವೇಷಣೆ ನಡೆದಿದೆ.

ಆದರೆ ಸುಪ್ತಸ್ಥಿತಿಯ ಕುರಿತ ಅಧ್ಯಯನಗಳಲ್ಲಿ ಬಹುಪಾಲು ಎರಡು ತಾಣಗಳ ಬಿ-ಉಪಪ್ರಭೇದವನ್ನು ಅವಲಂಬಿಸಿವೆ. ಕರ್ನಾಟಕದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದು ಸಿ-ಉಪಪ್ರಭೇದದ ವೈರಸ್ಸು. ಒಂದೇ ಪ್ರಚೋದನೆಗೆ ಈ ಎರಡು ಪ್ರವರ್ತಕಗಳು ಸಮಾನವಾಗಿ ಸ್ಪಂದಿಸುತ್ತವೆಂದು ಮುಂಚಿತವಾಗಿ ಭಾವಿಸಲಾಗದು. ಬೇರೆಡೆ ಸಿದ್ಧವಾಗುವ ಔಷಧಗಳನ್ನು ಇಲ್ಲಿನ ತಳಿಗಳ ಮೇಲೂ ಪರೀಕ್ಷಿಸಿ ನೋಡುವುದು ಆದ್ದರಿಂದ ಅವಶ್ಯಕ. ಸ್ಥಳೀಯ ತಳಿಗಳ ಸಂಗ್ರಹ ಹಾಗೂ ಅಧ್ಯಯನಗಳಿಗೆ ಇರುವ ಮಹತ್ವವು ಇದರಿಂದ ಸ್ಪಷ್ಟವಾಗುತ್ತದೆ.