ಅರೆ, ಕಾಲು, ಅರೆಕಾಲು, ವೀಸ

ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ ‘ಪೋಲ್’, ‘ರೆಕ್’ ಎಂಬ ಎರಡು ಸೌಲಭ್ಯಗಳಿರುತ್ತವೆ. ಇಂಜಿನಿಯರಿಂಗ್ ಓದಿದವರನ್ನು ಬಿಟ್ಟರೆ ಅವುಗಳತ್ತ ಬೆರಳು ಹಾಯಿಸುವವರು ಕಡಿಮೆ. ಒಂದು ಜಾಗದ ಗುರುತನ್ನು ‘ಪೂರ್ವಕ್ಕೆ 3 ಕಿಲೋಮೀಟರ್, ಅಲ್ಲಿಂದ ಉತ್ತರಕ್ಕೆ 4’ ಎಂದು ಹೇಳಬಹುದು. ‘ಪೂರ್ವದಿಂದ ಉತ್ತರದ ಕಡೆಗೆ 53.13 ಡಿಗ್ರಿ ಹೊರಳಿ, ನೇರ 5 ಕಿಲೋಮೀಟರ್ ಹೋಗಿ’ ಎಂದೂ ಹೇಳಬಹುದು. ಮೊದಲನೆಯದು ಆಯತೀಯ ನಿರ್ದೇಶಾಂಕ, ಎರಡನೆಯದು ಧ್ರುವೀಯ. ಈ ಗುಂಡಿಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ.

ಕಾಗದದ ಮೇಲಾದರೆ ದೂರಕ್ಕೆ ಪೈಥಾಗರಸ್ ಇದ್ದಾನೆ, ಕೋನಕ್ಕೆ ಲಾಗ್ ಟೇಬಲ್ ಪುಸ್ತಕದ ಹಾಳೆ ತಿರುವಬೇಕು. ಯಂತ್ರ ಏನು ಮಾಡಬೇಕು? 1950ರ ದಶಕದಲ್ಲಿ ಅಮೆರಿಕದ ಕಾನ್ವೇರ್ ಕಂಪನಿಯ ಜ್ಯಾಕ್ ವೋಲ್ಡರ್ ಎದುರು ಬಂದದ್ದು ಇದೇ ಪ್ರಶ್ನೆ. ಬಿ-58 ಬಾಂಬರ್ ವಿಮಾನದ ದಾರಿ ಲೆಕ್ಕ ಹಾಕುತ್ತಿದ್ದ ಅನಲಾಗ್ ಉಪಕರಣವನ್ನು ತೆಗೆದು ಡಿಜಿಟಲ್ ಯಂತ್ರ ಕೂರಿಸಬೇಕಿತ್ತು. ಆಗಿನ ಯಂತ್ರಗಳಿಗೆ ಕೂಡುವುದು, ಕಳೆಯುವುದು ಸಲೀಸು, ಗುಣಾಕಾರವೆಂದರೆ ಏದುಸಿರು. 1959ರಲ್ಲಿ ವೋಲ್ಡರ್ ಪ್ರಕಟಿಸಿದ ಉಪಾಯಕ್ಕೆ ‘ಕಾರ್ಡಿಕ್’ ಎಂದು ಹೆಸರು.

ನಮ್ಮ 3, 4ರ ಬಿಂದುವಿಗೆ ಒಂದು ಬಾಣ ಗುರಿಯಿಟ್ಟಿದೆ ಎಂದುಕೊಳ್ಳಿ. ಅದನ್ನು ಪೂರ್ವದ ಗೆರೆಯ ಮೇಲೆ ಮಲಗಿಸಬೇಕು. ಮಲಗಿಸಲು ಎಷ್ಟು ತಿರುಗಿಸಿದೆವೋ ಅದೇ ಕೋನ, ಮಲಗಿದ ಬಾಣದ ಉದ್ದವೇ ದೂರ. ಆದರೆ ಮನಸ್ಸಿಗೆ ಬಂದಷ್ಟು ತಿರುಗಿಸುವಂತಿಲ್ಲ. ಟ್ಯಾನ್ ಬೆಲೆ ಒಂದು, ಅರೆ, ಕಾಲು, ಅರೆಕಾಲು, ವೀಸ ಆಗುವ ಕೋನಗಳಿಗೆ ಮಾತ್ರ ಅನುಮತಿ: 45, 26.57, 14.04, 7.13, 3.58 ಡಿಗ್ರಿ, ಹೀಗೆ. ನಮ್ಮ ಅಜ್ಜಂದಿರ ಅಂಗಡಿ ಲೆಕ್ಕದಂತೆಯೇ ಇದು ಅರ್ಧರ್ಧ ಮಾಡುತ್ತ ಇಳಿಯುತ್ತದೆ. ದಶಮಾನದಲ್ಲಿ ಹತ್ತರಿಂದ ಭಾಗಿಸಲು ನಾವು ಬಿಂದುವನ್ನು ಒಂದು ಮನೆ ಸರಿಸುತ್ತೇವಲ್ಲ, ಸೊನ್ನೆ-ಒಂದರ ದ್ವಿಮಾನದಲ್ಲಿ ಅದೇ ಸರಿಸುವಿಕೆ ಅರ್ಧ ಮಾಡುತ್ತದೆ.

ಮೊದಲ ಹೊರಳು 45 ಡಿಗ್ರಿ. ಪೂರ್ವದ ಅಂಕಿಗೆ ಉತ್ತರದ್ದನ್ನು ಕೂಡಿ, ಉತ್ತರದ್ದರಿಂದ ಹಳೆಯ ಪೂರ್ವದ್ದನ್ನು ಕಳೆಯಿರಿ: 7 ಮತ್ತು 1. ಬಾಣ ಇನ್ನೂ ಗೆರೆಗಿಂತ ಮೇಲಿದೆ. ಎರಡನೆಯ ಸಲ ಕೂಡುವುದೂ ಕಳೆಯುವುದೂ ಅರ್ಧರ್ಧ: 7.5 ಮತ್ತು ಋಣ 2.5. ಅತಿಯಾಯಿತು, ಬಾಣ ಕೆಳಗಿಳಿದಿದೆ! ಕಾಲು ಭಾಗದಷ್ಟು ಹಿಂದಕ್ಕೆ ತಿರುಗಿಸಿದರೆ 8.125 ಮತ್ತು ಋಣ 0.625. ಪ್ರತಿ ಸಲ ಯಂತ್ರ ಕೇಳಿಕೊಳ್ಳುವುದು ಒಂದೇ ಮಾತು: ಉತ್ತರದ ಅಂಕಿ ಧನವೋ ಋಣವೋ? ತಿರುಗಿದ ಕೋನಗಳನ್ನು ಕೂಡಿ ಕಳೆದರೆ 45, 71.57, 57.53, 50.40, 53.98 ಎಂದು ತೂಗಾಡುತ್ತ 53.13ಕ್ಕೆ ಬಂದು ನೆಲೆಸುತ್ತದೆ.

ಒಂದು ಎಡವಟ್ಟಿದೆ. ಮಲಗಿದ ಬಾಣದ ಉದ್ದ 5 ಬರಬೇಕಿತ್ತು, ಬಂದದ್ದು ಸುಮಾರು 8.23. ಹೀಗೆ ಕೂಡಿ ಕಳೆಯುವಾಗ ಪ್ರತಿ ಹೊರಳಿಗೂ ಬಾಣ ಸ್ವಲ್ಪ ಹಿಗ್ಗುತ್ತದೆ. ನನಗೆ ಇಡೀ ಉಪಾಯದಲ್ಲಿ ಅತ್ಯಂತ ಚೆಂದ ಕಂಡದ್ದು ಇಲ್ಲಿಯೇ: ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಹಿಗ್ಗುವುದು ಒಂದೇ ಪ್ರಮಾಣದಲ್ಲಿ. ಹಾಗಾಗಿ ಬಾಣ ಯಾವ ದಾರಿ ತುಳಿದರೂ ಒಟ್ಟು ಹಿಗ್ಗು 1.6468 ಪಟ್ಟು. ಮೊದಲೇ ಗೊತ್ತಿರುವುದರಿಂದ ಕೊನೆಗೊಮ್ಮೆ 0.6073ರಿಂದ ಗುಣಿಸಿದರಾಯಿತು. ‘ರೆಕ್’ ಬೇಕಾದರೆ ಬಾಣವನ್ನು ಮೊದಲೇ ಅಷ್ಟು ಮೊಟಕುಗೊಳಿಸಿ, ಗೆರೆಯ ಮೇಲಿಂದ ಎಬ್ಬಿಸುತ್ತ ಹೋಗುವುದು.

1972ರಲ್ಲಿ ಅಂಗಿಯ ಜೇಬಿಗೆ ಹೊಂದುವಂತೆ ಬಂದ, 395 ಡಾಲರ್ ಬೆಲೆಯ ಎಚ್‌ಪಿ-35 ಕ್ಯಾಲ್ಕುಲೇಟರ್ ಸೈನು, ಟ್ಯಾನುಗಳನ್ನು ಲೆಕ್ಕ ಹಾಕಿದ್ದೂ ಈ ಜಾಡಿನಲ್ಲೇ. ಅದರ ಎಣಿಕೆ ದಶಮಾನದ್ದು. ಆದ್ದರಿಂದ ಅದು ಅರೆಕಾಲು, ವೀಸ ಬಿಟ್ಟು ಹತ್ತನೇ ಒಂದು, ನೂರನೇ ಒಂದು ಹಿಡಿದು, ಒಂದೊಂದು ಹೊರಳನ್ನೂ ಬೇಕಾದಷ್ಟು ಸಲ ಹೊರಳುತ್ತಿತ್ತು.