ಹಳೇ ಮಿಕ್ಸಿಗೆ ಸ್ಪೇರ್ ಪಾರ್ಟ್ ಹುಡುಕೋದು ಹೇಗೆ? ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಇದನ್ನ ಕೇಳಿ

ಇವತ್ತು ಅಡುಗೆ ಮನೆ ವಿಷಯ. ಬೆಳಗ್ಗೆ ಏಳೂವರೆ, ಕಾವಲಿ ಮೇಲೆ ದೋಸೆ ಇದೆ, ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ಆನ್ ಮಾಡ್ತೀರಿ. ಮೋಟಾರ್ ಜೋರಾಗಿ ಕಿರುಚುತ್ತೆ, ಆದರೆ ಜಾರ್ ಒಳಗೆ ಕಾಯಿ ಅಲ್ಲಾಡೋದೇ ಇಲ್ಲ. ತಕ್ಷಣ ಮನೆಯವರ ತೀರ್ಪು: ‘ಮಿಕ್ಸಿ ಹೋಯ್ತು!’

ನಮ್ಮ ಮನೆಯಲ್ಲೂ ಇದೇ ಆಯ್ತು. ಅಮ್ಮನ ಮಿಕ್ಸಿ, ನಾನು ಹೈಸ್ಕೂಲಲ್ಲಿದ್ದಾಗ ತಂದಿದ್ದು. ಅಂಗಡಿಗೆ ಎತ್ಕೊಂಡು ಹೋದರೆ ಕೌಂಟರ್ ಹಿಂದಿದ್ದವರು ಬಿಚ್ಚಿ ಕೂಡ ನೋಡಲಿಲ್ಲ. ‘ಈ ಮಾಡೆಲ್ ನಿಂತುಹೋಗಿದೆ, ಸ್ಪೇರ್ ಸಿಗಲ್ಲ, ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ’ ಅಂದರು. ಮಾಡೆಲ್ ನಿಂತಿದ್ದು ನಿಜ. ಆದರೆ ಮಾಡೆಲ್ ನಿಂತ ಮಾತ್ರಕ್ಕೆ ಪಾರ್ಟ್ ಸಿಗಲ್ಲ ಅಂತ ಏನಿಲ್ಲ. ಮಿಕ್ಸಿಯ ಬಹಳಷ್ಟು ಭಾಗಗಳು ಹೆಸರಿನ ಮೇಲೆ ಅಲ್ಲ, ಅಳತೆ ಮೇಲೆ ಹೊಂದುತ್ತವೆ.

ಮೋಟಾರ್ ತಿರುಗುತ್ತೆ, ಬ್ಲೇಡ್ ತಿರುಗಲ್ಲ ಅಂದರೆ ಹೆಚ್ಚಾಗಿ ತಪ್ಪು ಕಪ್ಲರ್‌ದು. ಜಾರ್ ಎತ್ತಿ ನೋಡಿ. ಕೆಳಗೆ ಮೋಟಾರ್ ಮೇಲೆ ನಕ್ಷತ್ರದಂಥ, ಹಲ್ಲು ಹಲ್ಲಾದ ಒಂದು ಬಿಲ್ಲೆ ಇರುತ್ತೆ, ಜಾರ್ ತಳದಲ್ಲಿ ಅದಕ್ಕೆ ಕೂರುವ ಜೋಡಿ. ಈ ಎರಡೂ ಹಲ್ಲು ಕಚ್ಚಿಕೊಂಡಾಗ ಮಾತ್ರ ಮೋಟಾರಿನ ತಿರುಗು ಬ್ಲೇಡ್‌ಗೆ ಹೋಗುತ್ತೆ. ಇದನ್ನ ರಬ್ಬರ್ ಅಥವಾ ಪ್ಲಾಸ್ಟಿಕ್‌ನಲ್ಲಿ ಮಾಡೋದು ಬರೀ ಜಿಪುಣತನಕ್ಕಲ್ಲ. ಗಟ್ಟಿ ಅರಿಶಿನ ಕೊಂಬು ಹಾಕಿ ಬ್ಲೇಡ್ ಸಿಕ್ಕಿಹಾಕಿಕೊಂಡಾಗ ಏಟು ಮೊದಲು ಈ ಅಗ್ಗದ ತುಂಡಿಗೆ ಬೀಳಲಿ, ದುಬಾರಿ ಮೋಟಾರ್ ಉಳಿಯಲಿ ಅನ್ನೋ ಲೆಕ್ಕ. ಅಂದರೆ ಕಪ್ಲರ್ ಸವೆದಿದೆ ಅಂದರೆ ಅದು ತನ್ನ ಕೆಲಸ ಮಾಡಿದೆ ಅಂತಲೇ. ಸಾಮಾನ್ಯವಾಗಿ ನೂರು ರೂಪಾಯಿ ಒಳಗೇ ಮುಗಿಯೋ ಖರ್ಚು.

ಬೇರೆ ಲಕ್ಷಣಗಳಿಗೆ ಬೇರೆ ಕಾರಣ. ಮಿಕ್ಸಿ ಪೂರ್ತಿ ಸುಮ್ಮನಾದರೆ ಮೊದಲು ತಳ ನೋಡಿ, ಅಲ್ಲಿ ಓವರ್‌ಲೋಡ್ ಸ್ವಿಚ್ ಇರುತ್ತೆ, ಹೆಚ್ಚಿನವುಗಳಲ್ಲಿ ಕೆಂಪು ಬಣ್ಣದ ಗುಂಡಿ. ಐದು-ಹತ್ತು ನಿಮಿಷ ಆರಲು ಬಿಟ್ಟು ಅದನ್ನ ಒತ್ತಿ. ಇದೊಂದೇ ಗೊತ್ತಿಲ್ಲದೆ ರಿಪೇರಿಗೆ ದುಡ್ಡು ಕೊಟ್ಟು ಬಂದವರನ್ನ ನಾನು ನೋಡಿದ್ದೀನಿ! ಒಳಗೆ ಕಿಡಿ ಹಾರಿ, ಒಮ್ಮೆ ಓಡಿ ಒಮ್ಮೆ ನಿಂತರೆ ಕಾರ್ಬನ್ ಬ್ರಷ್ ಸವೆದಿರಬಹುದು. ಅದನ್ನ ಯಾವಾಗಲೂ ಜೋಡಿಯಾಗೇ ಬದಲಿಸಬೇಕು. ಜಾರ್ ತಳದಿಂದ ನೀರು ಸೋರಿದರೆ ಬುಷ್, ವಾಷರ್ ಕಡೆ ನೋಡಿ. ಇದನ್ನ ಮುಂದೂಡಬೇಡಿ, ಯಾಕಂದ್ರೆ ಆ ನೀರು ಇಳಿಯೋದು ಮೋಟಾರ್ ಕಡೆಗೇ.

ಈಗ ಹುಡುಕಾಟ. ಪ್ಲಗ್ ತೆಗೆದು ಮಿಕ್ಸಿನ ಮಗುಚಿ, ತಳದ ನೇಮ್‌ಪ್ಲೇಟ್ ಫೋಟೋ ತಗೊಳ್ಳಿ. ಎಣ್ಣೆ ಜಿಡ್ಡು ಕೂತಿದ್ದರೆ ಒರೆಸಿ. ಬ್ರ್ಯಾಂಡ್, ಮಾಡೆಲ್, ವ್ಯಾಟ್, ಇಷ್ಟು ಕಾಣಬೇಕು. ಒಂದು ಎಚ್ಚರಿಕೆ: ಅಲ್ಲಿ ‘ಐಎಸ್ 4250’ ಅಂತ ಇದ್ದರೆ ಅದು ಮಾಡೆಲ್ ನಂಬರ್ ಅಲ್ಲ, ಮಿಕ್ಸಿಗಳಿಗಿರುವ ಭಾರತೀಯ ಮಾನದಂಡದ ಸಂಖ್ಯೆ. ಅದನ್ನೇ ಹಾಕಿ ಸರ್ಚ್ ಮಾಡಿದರೆ ಎಲ್ಲರ ಮಿಕ್ಸಿಯೂ ಬರುತ್ತೆ.

ನೇಮ್‌ಪ್ಲೇಟ್ ಅಳಿಸಿಹೋಗಿದ್ರೆ? ಹಳೇ ಪಾರ್ಟ್ ಬಿಚ್ಚಿ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ, ಮೇಲಿಂದ ಒಂದು, ಬದಿಯಿಂದ ಒಂದು. ಹಲ್ಲು ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು, ನಡುವಿನ ತೂತು ದುಂಡಗಿದೆಯೋ ಚೌಕವೋ, ಒಳಗೆ ಮರೆ ಇದೆಯೋ. ಎಲ್ಲರೂ ಹಲ್ಲು ಎಣಿಸಿ ಎತ್ತರ ಮರೀತಾರೆ. ಎತ್ತರ ಕಡಿಮೆಯಾದರೆ ಹಲ್ಲು ಸರಿಯಾಗಿ ಕಚ್ಚಲ್ಲ, ಹೊಸ ಕಪ್ಲರ್ ವಾರದಲ್ಲೇ ಸವೆಯುತ್ತೆ. ಜಾಸ್ತಿಯಾದರೆ ಜಾರ್ ಕೂರೋದೇ ಇಲ್ಲ. ಆನ್‌ಲೈನ್‌ನಲ್ಲಿ ‘ಯೂನಿವರ್ಸಲ್’ ಅಂತ ಬರೆದಿದ್ದನ್ನ ನಂಬೋ ಮುಂಚೆ ಈ ಅಳತೆ ತಾಳೆ ನೋಡಿ.

ನನ್ನ ಕೇಳಿದರೆ ಆನ್‌ಲೈನ್‌ಗಿಂತ ಮೊದಲು ಹೋಗಬೇಕಾದ್ದು ಕುಕ್ಕರ್ ಗ್ಯಾಸ್ಕೆಟ್, ಸ್ಟೌ ಬರ್ನರ್ ಮಾರೋ ಸಣ್ಣ ಅಂಗಡಿಗೆ. ದೊಡ್ಡ ಶೋರೂಮ್‌ಗೆ ಹೊಸದು ಮಾರೋ ಆಸೆ, ಇವರಿಗೆ ಬಿಡಿಭಾಗವೇ ವ್ಯಾಪಾರ. ಹಳೇ ತುಂಡನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ, ಜೊತೆಗೆ ಜಾರ್ ಕೂಡ. ನಮಗೆ ಸಿಕ್ಕಿದ್ದೂ ಹೀಗೇ. ಅಂಗಡಿಯಜ್ಜ ಬ್ರ್ಯಾಂಡ್ ಹೆಸರೇ ಕೇಳಲಿಲ್ಲ, ತುಂಡನ್ನ ಬೆರಳಲ್ಲಿ ತಿರುಗಿಸಿ ನೋಡಿ ಡಬ್ಬದಿಂದ ಎರಡು ತೆಗೆದು ಜಾರ್‌ಗೆ ಹಿಡಿದು ನೋಡಿದರು. ಎರಡನೇದು ಕೂತಿತು.

ಬಿಚ್ಚೋವಾಗ ಒಂದು ವಿಷಯ ಗೊತ್ತಿರಲಿ. ಮರೆ ಇರೋ ಕಪ್ಲರ್ ಓಡ್ತಾ ಓಡ್ತಾ ಬಿಗಿಯಾಗೋ ಹಾಗೆ ಇರುತ್ತೆ. ಅದಕ್ಕೇ ಮೋಟಾರ್ ಮೇಲಿನದು ಬಿಚ್ಚಬೇಕಂದ್ರೆ ಮೋಟಾರ್ ತಿರುಗೋ ದಿಕ್ಕಿಗೇ ತಿರುಗಿಸಬೇಕು. ಜಾರ್ ತಳದ್ದು ಇದಕ್ಕೆ ಉಲ್ಟಾ. ದಿಕ್ಕು ಗೊತ್ತಿಲ್ಲದೆ ಬಲ ಹಾಕಿದರೆ ಕಪ್ಲರ್ ಮುರಿದು ತುಂಡು ಒಳಗೇ ಉಳಿಯುತ್ತೆ.

ಎಲ್ಲವನ್ನೂ ಉಳಿಸಲೇಬೇಕು ಅಂತ ನಾನು ಹೇಳಲ್ಲ. ಸುಟ್ಟ ವಾಸನೆ ಬಂದು ಮೋಟಾರ್ ವೈಂಡಿಂಗೇ ಹೋಗಿದ್ದರೆ ರೀವೈಂಡಿಂಗ್ ಖರ್ಚು ಮೊದಲು ಕೇಳಿ, ಆಮೇಲೆ ನಿರ್ಧಾರ ಮಾಡಿ. ಬಾಡಿ ಬಿರುಕು ಬಿಟ್ಟು ಒಳಗಿನ ವೈರ್ ಕಾಣ್ತಿದ್ದರೆ ಸೆಂಟಿಮೆಂಟ್ ಬೇಡ, 230 ವೋಲ್ಟ್ ಜೊತೆ ಒದ್ದೆ ಕೈಯ ಆಟ ಅದು.

ಕಂಪನಿ ಪಾರ್ಟೇ ಬೇಕು ಅನ್ನೋರಿಗೆ ಇನ್ನೊಂದು ದಾರಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿತು. ಅದರಲ್ಲಿ ಕಂಪನಿಗಳ ಸರ್ವೀಸ್, ವಾರಂಟಿ ಮಾಹಿತಿ ಒಂದೇ ಕಡೆ ಸಿಗಲಿ ಅನ್ನೋದು ಉದ್ದೇಶ. ಸರ್ವೀಸ್ ಸೆಂಟರ್‌ನವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಫೋನ್ ಮಾಡೋವಾಗ ಆ ನೇಮ್‌ಪ್ಲೇಟ್ ಫೋಟೋ ಮುಂದೆ ಇಟ್ಕೊಳ್ಳಿ, ಮೊದಲ ಪ್ರಶ್ನೆನೇ ಮಾಡೆಲ್ ಯಾವುದು ಅಂತ.

ಅಮ್ಮನ ಮಿಕ್ಸಿ ಈಗ ಓಡ್ತಿದೆ. ಸದ್ದು ಮಾತ್ರ ಮೊದಲಿನಷ್ಟೇ ಜೋರು, ಅದಕ್ಕೆ ಪಾರ್ಟ್ ಎಲ್ಲೂ ಸಿಗಲಿಲ್ಲ!